ತಪ್ಪು ಉತ್ತರವನ್ನೂ ಆಲಿಸಿದ ಮಾಸ್ತರರು

ಮರದ ತುಂಡೊಂದನ್ನು ನೀರಿನಲ್ಲಿ ಅದುಮಿ ಹಿಡಿದರೆ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ತಳ್ಳುವವರು ಯಾರು? ಮರವೆಂದೇ ಮಗು ಹೇಳುತ್ತದೆ. ನಾವೂ ಹಾಗೆಯೇ ಭಾವಿಸಿರುತ್ತೇವೆ. ನಿಜವಾಗಿ ತಳ್ಳುವುದು ನೀರು. ಇಂತಹ ತಪ್ಪು ತಿಳಿವಳಿಕೆಗಳ ಬೇರನ್ನು ಹುಡುಕಿದವರು ಫ್ರಾನ್ಸಿನ ತತ್ತ್ವಜ್ಞಾನಿ ಗಾಸ್ಟನ್ ಬಾಶೆಲಾರ್.

ಇವರು 1884ರಲ್ಲಿ ಬಾರ್-ಸುರ್-ಓಬ್ ಎಂಬ ಸಣ್ಣ ಊರಿನ ಸಾಮಾನ್ಯ ಮನೆತನದಲ್ಲಿ ಹುಟ್ಟಿದರು. ಅಂಚೆ ಇಲಾಖೆಯಲ್ಲಿ ದುಡಿಯುತ್ತಲೇ ಓದಿ 1912ರಲ್ಲಿ ಗಣಿತದ ಪದವಿ ಪಡೆದರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. ಮರಳಿ ಬಂದು ಹುಟ್ಟೂರಿನಲ್ಲೇ ಭೌತ, ರಸಾಯನ ಶಾಸ್ತ್ರಗಳ ಅಧ್ಯಾಪಕರಾದರು. 1920ರಲ್ಲಿ ಪತ್ನಿ ತೀರಿಕೊಂಡರು. ಎಳೆಗೂಸಾಗಿದ್ದ ಮಗಳು ಸುಜಾನ್‌ಳನ್ನು ತಾವೇ ಬೆಳೆಸಿದರು. ಆಕೆಯೂ ಮುಂದೆ ತತ್ತ್ವಶಾಸ್ತ್ರದ ವಿದುಷಿಯಾದರು. 1940ರಲ್ಲಿ ಬಾಶೆಲಾರರು ಪ್ಯಾರಿಸಿನ ಸೊರ್ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಮಕ್ಕಳಿಗೆ ಪಾಠ ಏಕೆ ಅರ್ಥವಾಗುವುದಿಲ್ಲವೆಂಬುದೇ ವಿಜ್ಞಾನದ ಅಧ್ಯಾಪಕರಿಗೆ ಅರ್ಥವಾಗುವುದಿಲ್ಲ ಎಂದು ಅವರು ಅಚ್ಚರಿಪಟ್ಟರು. ಮಗು ಬರಿದಾದ ತಲೆ ಹೊತ್ತು ಶಾಲೆಗೆ ಬರುವುದಿಲ್ಲ. ದಿನನಿತ್ಯದ ಅನುಭವದಿಂದ ಕಟ್ಟಿಕೊಂಡ ನಂಬಿಕೆಗಳು ಅದರಲ್ಲಿ ಆಗಲೇ ಬೇರೂರಿರುತ್ತವೆ. ಅವನ್ನು ಸಡಿಲಿಸದೆ ಹೊಸ ಪಾಠ ನಿಲ್ಲದು. ದೊಡ್ಡವರೂ ಇದಕ್ಕೆ ಹೊರತಲ್ಲ. ಬೆಂಜಮಿನ್ ಫ್ರಾಂಕ್ಲಿನರಂಥವರೇ ವಸ್ತುವು ವಿದ್ಯುತ್ತನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತದೆಂದು ಬಗೆದಿದ್ದರು. ತಪ್ಪನ್ನು ತಿದ್ದುತ್ತ ಸಾಗುವುದೇ ವಿಜ್ಞಾನದ ದಾರಿಯೆಂದು ಬಾಶೆಲಾರರು 1938ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಅದೇ ವರ್ಷ ಅವರು ಬೆಂಕಿಯ ಕುರಿತು ಮತ್ತೊಂದು ಪುಸ್ತಕ ಬರೆದರು. ರಸಾಯನ ಶಾಸ್ತ್ರಕ್ಕೆ ಅಡ್ಡಿಯಾದ ಬೆಂಕಿಯ ಕನಸುಗಳು ಕಾವ್ಯಕ್ಕೆ ಜೀವ ಕೊಡುವುದನ್ನು ಅವರು ಕಂಡಿದ್ದರು. ಮುಂದೆ ನೀರು, ಗಾಳಿ, ಮಣ್ಣುಗಳ ಮೇಲೂ ಬರೆದರು. 1957ರ ಪುಸ್ತಕದಲ್ಲಿ ಮನೆಯ ಅಟ್ಟ, ನೆಲಮಾಳಿಗೆ, ಮೂಲೆ, ಪೆಟ್ಟಿಗೆಗಳು ನಮ್ಮ ನೆನಪನ್ನು ಹೇಗೆ ಕಾಯುತ್ತವೆಂದು ವಿವರಿಸಿದರು. ಪ್ರಯೋಗಶಾಲೆಯ ಕೆಲಸ ಬೇರೆ, ಕನಸಿನ ಕೆಲಸ ಬೇರೆ. ಮನುಷ್ಯನಿಗೆ ಎರಡೂ ಬೇಕೆಂಬುದು ಅವರ ನಿಲುವು.

1961ರಲ್ಲಿ ಮೇಣದ ಬತ್ತಿಯ ಜ್ವಾಲೆಯನ್ನು ಕುರಿತ ಪುಟ್ಟ ಪುಸ್ತಕವನ್ನು ಪ್ರಕಟಿಸಿ, ಮರುವರ್ಷದ ಅಕ್ಟೋಬರ್ 16ರಂದು ಅವರು ನಿಧನರಾದರು.

ಮನೆಯ ಮಕ್ಕಳು ತಪ್ಪು ಉತ್ತರ ಹೇಳಿದಾಗ ಗದರಿಸುವುದು ನಮ್ಮೆಲ್ಲರ ರೂಢಿ. ಹಾಗೇಕೆ ತೋರಿತು ಎಂದು ಒಮ್ಮೆ ಕೇಳಿ ನೋಡೋಣ. ಪಾಠ ಅಲ್ಲಿಂದಲೇ ಶುರುವಾಗಬೇಕೆಂಬುದನ್ನು ಈ ಮಾಸ್ತರರಿಂದ ನಾವು ಕಲಿಯಬಹುದು.