ಸೋರುವ ಮಾಳಿಗೆಗೆ ಸಾವಿರ ಗಂಟಲು

ನಮ್ಮೂರು ಚನ್ನಗಿರಿ ತಾಲ್ಲೂಕಿನ ನಲ್ಲೂರು. ಅಡಿಕೆ ಸೀಮೆ. ಅಲ್ಲಿ ನನಗೆ ಗೊತ್ತಿದ್ದ ಲೈವ್ ಮ್ಯೂಸಿಕ್ ಎರಡೇ: ಜಾತ್ರೆಯ ಆರ್ಕೆಸ್ಟ್ರಾ ಮತ್ತು ಶ್ರಾವಣದ ಭಜನೆ. ಆರ್ಕೆಸ್ಟ್ರಾದವರು ಸಿನಿಮಾ ಹಾಡನ್ನು ಸಿನಿಮಾದಲ್ಲಿ ಇದ್ದ ಹಾಗೇ ಹಾಡಬೇಕು. ಸ್ವಲ್ಪ ಆಚೀಚೆ ಆದರೂ ಮುಂದಿನ ಸಾಲಿನಿಂದ ಸಿಳ್ಳೆ, ಕೂಗು. ತಮ್ಮ ಹಾಡನ್ನು ತಾವೇ ಕಟ್ಟಿ, ತಾವೇ ಊರೂರು ತಿರುಗಿ ಹಾಡುವ ‘ಇಂಡಿ ಬ್ಯಾಂಡ್’ ಅನ್ನೋದು ಒಂದಿದೆ ಅಂತ ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ವಿಜಯನಗರದ ಪಿ.ಜಿ.ಯೊಂದನ್ನು ಸೇರಿದೆ. ರೂಮ್‌ಮೇಟ್ ಆಗಿ ಸಿಕ್ಕವನು ಮಂಗಳೂರಿನ ಹುಡುಗ. ಅವನಿಗೆ ‘ಎಮೋ’ ಹುಚ್ಚು.

ಎಮೋ ಅಂದರೆ ‘ಎಮೋಷನಲ್ ಹಾರ್ಡ್‌ಕೋರ್’ ಎಂಬುದರ ಮೊಟಕು. 1980ರ ದಶಕದ ಮಧ್ಯದಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಪಂಕ್ ಸಂಗೀತದ ಕೆಲವು ಹುಡುಗರು ವ್ಯವಸ್ಥೆಯ ಮೇಲೆ ಕಿರುಚುವುದರ ಜೊತೆಗೆ ತಮ್ಮದೇ ಸೋಲು, ಒಂಟಿತನದ ಬಗ್ಗೆಯೂ ಕಿರುಚತೊಡಗಿದರು. ‘ರೈಟ್ಸ್ ಆಫ್ ಸ್ಪ್ರಿಂಗ್’ ಎಂಬ ಬ್ಯಾಂಡಿನ 1985ರ ಆಲ್ಬಮ್ಮನ್ನು ಇದರ ಮೊದಲ ಮೆಟ್ಟಿಲು ಅನ್ನುತ್ತಾರೆ. ನನ್ನ ಗೆಳೆಯನ ಪ್ರಾಣ ಇದ್ದದ್ದು ‘ಅಮೆರಿಕನ್ ಫುಟ್‌ಬಾಲ್’ ಎಂಬ ಬ್ಯಾಂಡಿನಲ್ಲಿ (ಆಟಕ್ಕೂ ಇದಕ್ಕೂ ಸಂಬಂಧವಿಲ್ಲ). ಇಲಿನಾಯ್‌ನ ಮೂವರು ಕಾಲೇಜು ಹುಡುಗರು 1999ರಲ್ಲಿ ಒಂದು ಆಲ್ಬಮ್ ಮಾಡಿ, ಓದು ಮುಗಿಯಿತು ಅಂತ ಬ್ಯಾಂಡ್ ಮುಚ್ಚಿ ತಮ್ಮ ತಮ್ಮ ದಾರಿ ಹಿಡಿದರು. ಆ ಹಾಡುಗಳು ಮಾತ್ರ ಸುಮ್ಮನಿರಲಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋದವು. 2014ರಲ್ಲಿ ಅವರು ಮತ್ತೆ ವೇದಿಕೆ ಹತ್ತಬೇಕಾಯಿತು. ‘ನನಗಿಂತ ಹೆಚ್ಚು ಬೇಜಾರಾದವರು ಹಾಡ್ತಿದ್ದಾರೆ ಮಾರಾಯ, ಅದಕ್ಕೇ ನಿದ್ದೆ ಬರ್ತದೆ’ ಅಂತ ಅವನು ರಾತ್ರಿ ಇಯರ್‌ಫೋನ್ ಹಾಕಿಕೊಂಡೇ ಮಲಗುತ್ತಿದ್ದ.

ಆ ಫೆಬ್ರುವರಿಯಲ್ಲಿ ನಾವು ಬರೆಯಬೇಕಿದ್ದ ಪರೀಕ್ಷೆ ಮೂರನೇ ಸಲ ಮುಂದಕ್ಕೆ ಹೋಯಿತು. ರೂಮಿನಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಒಬ್ಬ ಬಟ್ಟೆ ಒಗೆದ, ಒಬ್ಬ ಮಲಗಿದ. ಉದ್ಯೋಗ ಹುಡುಕುವವರ ಮನೆಯಲ್ಲಿ ಬೇಜಾರು ಅನ್ನೋದು ಹೀಗೇ, ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಅದೇ ವಾರ ದ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಕಾರ್ಯಕ್ರಮ ಇತ್ತು. ಗೆಳೆಯನಿಗೆ ಕನ್ನಡ ಹಾಡುಗಳು ಅಷ್ಟಕ್ಕಷ್ಟೆ. ನನಗೆ ಜಂಬೆ, ಗಿಟಾರ್ ಎಲ್ಲ ಅಷ್ಟಕ್ಕಷ್ಟೆ. ಟಿಕೆಟ್ ದುಡ್ಡಿಗೆ ಹತ್ತು ದಿನ ಮೆಸ್ ಊಟ ಆಗುತ್ತಿತ್ತು ಅಂತ ಲೆಕ್ಕ ಹಾಕುತ್ತಲೇ ಇಬ್ಬರೂ ಹೋದೆವು.

ರಘು ದೀಕ್ಷಿತ್ ಬಗ್ಗೆ ನಮ್ಮಂಥವರು ತಿಳಿದಿರಬೇಕಾದದ್ದು ಸ್ವಲ್ಪ ಇದೆ. ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ಮೊದಲ ಆಲ್ಬಮ್ ಹೊರಬಂದದ್ದು 2008ರಲ್ಲಿ, ಅದಕ್ಕೆ ಮುಂಚಿನ ವರ್ಷಗಳೆಲ್ಲ ಕಾಯುವುದೇ. ಆ ಆಲ್ಬಮ್ಮಿನಲ್ಲಿ ‘ಮುಂಬೈಯಲ್ಲಿ ಪವಾಡಕ್ಕೆ ಕಾಯುತ್ತಿದ್ದೇನೆ’ ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಹಾಡೇ ಇದೆ. 2011ರಲ್ಲಿ ಇವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಅಲ್ಲಿಗೂ ಲುಂಗಿ, ಗೆಜ್ಜೆಯೇ.

ಸಂಜೆ ದೀಪ ಆರಿತು. ಮೊದಲ ಪೆಟ್ಟು ಬಿದ್ದಾಗ ತಿಳಿದ ಸಂಗತಿ: ಡ್ರಮ್ಮಿನ ಸದ್ದು ಕಿವಿಗೆ ಬರುವುದಲ್ಲ, ಎದೆಗೂಡಿಗೆ ಬರುತ್ತದೆ. ಅಂಗಿಯ ಗುಂಡಿ ನಡುಗುತ್ತದೆ. ದೊಡ್ಡ ಸ್ಪೀಕರ್ ತಳ್ಳುವ ಗಾಳಿಯನ್ನು ನೂರೈವತ್ತು ರೂಪಾಯಿಯ ಇಯರ್‌ಫೋನ್ ಎಲ್ಲಿಂದ ತರಬೇಕು? (ಹೋಗುವವರಿಗೆ ಒಂದು ಮಾತು: ಮುಂದೆ ನುಗ್ಗಬೇಡಿ. ಜನರ ನಡುವೆ ಸೌಂಡ್ ಮಿಕ್ಸರ್ ಇಟ್ಟುಕೊಂಡು ಒಬ್ಬರು ಕೂತಿರುತ್ತಾರಲ್ಲ, ಅವರ ಹತ್ತಿರ ನಿಲ್ಲಿ. ಅವರು ತಮ್ಮ ಕಿವಿಗೆ ಸರಿ ಕೇಳಿಸುವ ಹಾಗೆ ಹೊಂದಿಸುತ್ತಿರುತ್ತಾರೆ, ನಿಮಗೂ ಅದೇ ಸಿಗುತ್ತದೆ.)

ಕುಣಿಯುವ ಹಾಡುಗಳಲ್ಲಿ ಎಲ್ಲರೂ ಕುಣಿದರು. ನಾನು ಕೈಕಟ್ಟಿ ನಿಂತಿದ್ದೆ. ಆಮೇಲೆ ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ ಬಂತು. ನಮ್ಮನೆಯಲ್ಲಿ ಸಿ. ಅಶ್ವತ್ಥ್ ದನಿಯಲ್ಲಿ ಕೇಳಿ ಕೇಳಿ ಸವೆದುಹೋಗಿದ್ದ ಪದ. ಇಲ್ಲಿ ಅದು ಪಿಟೀಲು, ಎಲೆಕ್ಟ್ರಿಕ್ ಗಿಟಾರಿನ ಜೊತೆ ಬೇರೆ ನಡಿಗೆಯಲ್ಲಿ ನಡೆಯುತ್ತಿತ್ತು. ಬಾಯಿ ತಾನಾಗಿ ತೆರೆಯಿತು. ಪಕ್ಕದಲ್ಲಿ ಕೊರಳಿಗೆ ಆಫೀಸಿನ ಐ.ಡಿ. ಕಾರ್ಡ್ ಹಾಕಿಕೊಂಡೇ ಬಂದಿದ್ದ ಒಬ್ಬರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಅವರ ಆಚೆಗೆ ಒಬ್ಬ ಹುಡುಗಿ, ಅವಳ ಹಿಂದೆ ನಾಲ್ವರು. ಕೆಲಸ ಸಿಕ್ಕವರು, ಸಿಗದವರು, ಇದ್ದದ್ದು ಕಳೆದುಕೊಂಡವರು ಎಲ್ಲರೂ ಇದ್ದಿರಬೇಕು. ಮನೆ ಸೋರುತ್ತಿದೆ ಅಂತ ಒಬ್ಬರಿಗೂ ನಾಚಿಕೆಯಿಲ್ಲದೆ, ಗಟ್ಟಿಯಾಗಿ, ಒಂದೇ ತಾಳಕ್ಕೆ ಹೇಳುತ್ತಿದ್ದಾರೆ! ನನ್ನ ಗಂಟಲು ಕಟ್ಟಿತು. ಆದರೂ ಹಾಡು ನಿಲ್ಲಲಿಲ್ಲ, ಸುತ್ತಲಿನವರು ಮುಂದುವರಿಸಿದರು.

ಎಮೋ ಕಾರ್ಯಕ್ರಮಗಳ ಜೀವಾಳವೂ ಇದೇ ಅಂತ ಗೆಳೆಯ ಆಮೇಲೆ ಹೇಳಿದ. ಅಲ್ಲಿ ಗಾಯಕ ಎಷ್ಟೋ ಸಲ ಮೈಕನ್ನು ಜನರ ಕಡೆ ಚಾಚಿಬಿಡುತ್ತಾನಂತೆ, ತನ್ನ ಅತ್ಯಂತ ಖಾಸಗಿ ಸಾಲನ್ನು ಅಪರಿಚಿತರು ಹಾಡಲಿ ಅಂತ. ನನಗೆ ನೆನಪಾದದ್ದು ನಮ್ಮೂರಿನ ಭಜನೆ. ಅಲ್ಲಿ ವೇದಿಕೆಯೇ ಇಲ್ಲ. ಒಬ್ಬರು ಪದ ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಸಾಲ ತಲೆಮೇಲೆ ಇದ್ದವನೂ ತಾಳ ತಟ್ಟುತ್ತಾನೆ. 1819ರಿಂದ 1889ರವರೆಗೆ ಬದುಕಿದ್ದ ಶರೀಫರ ಪದ ಇವತ್ತಿಗೂ ಉಳಿದದ್ದು ಹೀಗೆ ಬಾಯಿಂದ ಬಾಯಿಗೆ ಹಿಡಿದುಕೊಂಡವರಿಂದ. ಅದನ್ನು ಬರೀ ಅಧ್ಯಾತ್ಮ ಅಂತ ಮೂಲೆಗಿಡುವುದು ನನಗೆ ಒಪ್ಪಿಗೆಯಿಲ್ಲ. ಮನಸ್ಸು ಸೋರುವುದನ್ನು ಅಷ್ಟು ನೇರವಾಗಿ ಹೇಳಿದ ಹಾಡು ಗೆಳೆಯನ ಪ್ಲೇಲಿಸ್ಟಿನಲ್ಲೂ ನನಗೆ ಸಿಕ್ಕಿಲ್ಲ.

ಬಸ್‌ಸ್ಟಾಪಿಗೆ ನಡೆಯುವಾಗ ಅವನು ಕೇಳಿದ, ‘ಮಾಳಿಗೆ ಅಂದ್ರೆ ಮಹಡಿ ಅಲ್ವಾ, ಅದು ಹೇಗೆ ಸೋರೋದು?’ ಹೆಂಚಿನ ಮನೆಯಲ್ಲಿ ಬೆಳೆದವನಿಗೆ ಮಣ್ಣಿನ ಮಾಳಿಗೆ ಗೊತ್ತಿಲ್ಲ. ತೊಲೆ, ಜಂತೆ, ಮೇಲೆ ಮಣ್ಣು ಬಡಿದು ಗಟ್ಟಿ ಮಾಡಿದ್ದು, ಮಳೆಗಾಲಕ್ಕೆ ಮುಂಚೆ ಹತ್ತಿ ಬಿರುಕು ಮುಚ್ಚಬೇಕು ಅಂತೆಲ್ಲ ವಿವರಿಸಿದೆ. ‘ಹತ್ತದಿದ್ರೆ?’ ಅಂದ. ‘ಪಾತ್ರೆ ಇಡಬೇಕು’ ಅಂದೆ. ಇಬ್ಬರೂ ನಕ್ಕೆವು.

ಪಿ.ಜಿ.ಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ‘ಊಟ ಆಯ್ತಾ, ಚೆನ್ನಾಗಿದೀಯಾ’ ಅನ್ನುವಲ್ಲಿಗೆ ನಮ್ಮ ಮಾತು ಸಾಮಾನ್ಯವಾಗಿ ಮುಗಿಯುತ್ತದೆ. ಅವತ್ತು ಹೇಳಿದೆ: ‘ಪರೀಕ್ಷೆ ಮತ್ತೆ ಮುಂದಕ್ಕೆ ಹೋಗಿದೆ ಅಪ್ಪಾ. ತುಂಬಾ ಬೇಜಾರಾಗಿದೆ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಬೋರು ನಿಂತು ಇಪ್ಪತ್ತು ದಿನ ಆತು ಮಗಾ. ಟ್ಯಾಂಕರ್ ನೀರು ಹೊಡೆಸ್ತಾ ಇದೀನಿ. ನಿನ್ನ ಓದಿಗೆ ಯಾಕೆ ತೊಂದ್ರೆ ಅಂತ ಹೇಳಿರ್ಲಿಲ್ಲ’ ಅಂದರು.

ಅವತ್ತು ಇಪ್ಪತ್ತು ನಿಮಿಷ ಮಾತಾಡಿದೆವು, ತೋಟದ ಯಾವ ಸಾಲು ಉಳಿಯಬಹುದು, ಯಾವುದು ಉಳಿಯಲಿಕ್ಕಿಲ್ಲ ಅನ್ನೋದನ್ನೆಲ್ಲ.