ಮಾಟಗಾರರಿಗೂ ಒಂದು ಸರಕಾರ!

ನರಗುಂದದಿಂದ ರೋಣದ ಮೇಲೆ ಗಜೇಂದ್ರಗಡಕ್ಕೆ ಹೊರಟಿದ್ದೆ. ಪಕ್ಕದ ಸೀಟಿನ ಹುಡುಗನ ಮೊಬೈಲಿನಲ್ಲಿ 2007ರ ಹ್ಯಾರಿ ಪಾಟರ್ ಚಿತ್ರ. 'ಅಣ್ಣಾ, ಮಾಟಗಾರರಿಗೂ ಸರಕಾರ ಐತೇನ್ರಿ?' ಅಂದ.

ಐತಿ ಮಿತ್ರರೇ! ನಮ್ಮ ವಿಠಲಾಚಾರ್ಯರ ಚಿತ್ರಗಳಲ್ಲಿ ಹೀರೋ ಬರುವ ತನಕ ಮಾಂತ್ರಿಕನದೇ ದರ್ಬಾರು. ಇಲ್ಲಿ ಹಾಗಲ್ಲ. ಲಂಡನ್ನಿನ ನೆಲದಡಿ ಮಾಂತ್ರಿಕರ ಸಚಿವಾಲಯ. ಮಂತ್ರಿ, ಕಚೇರಿ, ಕೋರ್ಟು ಎಲ್ಲ! ಒಳಹೋಗಲು ಕೆಂಪು ಟೆಲಿಫೋನ್ ಡಬ್ಬಿ. ಜೀವ ಉಳಿಸಿಕೊಳ್ಳಲು ಶಾಲೆಯ ಹೊರಗೆ ಮಂತ್ರ ಹಾಕಿದ ಹ್ಯಾರಿಗೆ ವಿಚಾರಣೆ! 'ದುಷ್ಟ ವೋಲ್ಡೆಮಾರ್ಟ್ ಮರಳಿ ಬಂದಿದ್ದಾನೆ' ಎಂದರೆ ಮಂತ್ರಿ ಫಡ್ಜ್ ನಂಬುವುದೇ ಇಲ್ಲ. ನಂಬಿದರೆ ಕುರ್ಚಿ ಅಲುಗುತ್ತದಲ್ಲ? ಕೊನೆಗೆ ಕಣ್ಣಾರೆ ಕಂಡು ಬೆಪ್ಪಾದ.

ನಮ್ಮಲ್ಲೂ ಮಾಟಕ್ಕೆ ಕಾನೂನು ಇದೆ. 2017ರ ಕಾಯ್ದೆ, 2020ರಿಂದ ಜಾರಿ. ಹಾವು ಕಚ್ಚಿದವರಿಗೆ ಔಷಧೋಪಚಾರ ತಪ್ಪಿಸಿ ಮಂತ್ರ ಹಾಕುವುದು ಅಪರಾಧ.

ಅದಕ್ಕೂ ಎಷ್ಟೋ ವರ್ಷ ಮೊದಲು, ಹತ್ತಿ ಹೊಲದಲ್ಲಿ ನನ್ನ ಸೋದರಮಾವನಿಗೆ ಹಾವು ಕಚ್ಚಿತ್ತು. ಮಂತ್ರ ಹಾಕುವವನ ಕಟ್ಟೆಯ ಮೇಲೆ ರಾತ್ರಿಯಿಡೀ ಕೂತೆವು. ಬೆಳಗಾಗುವಷ್ಟರಲ್ಲಿ ಮಾವ ಇರಲಿಲ್ಲ. ಫಡ್ಜ್‌ನನ್ನು ಕಂಡು ನಗಲು ನನಗೆ ಬಾಯಿಲ್ಲ.

ರೋಣ ಬಂತು, ಹುಡುಗ ಇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ: ಪಿಕ್ಚರ್ ನೋಡ್ರಿ, ಸೀಟಿ ಹೊಡೀರಿ. ಹಾವು ಕಚ್ಚಿದರ ಮಾತ್ರ ಸೀದಾ ದವಾಖಾನಿಗೆ ಓಡ್ರಿ!