ಹಳೆಯ ಯೆಜ್ಡಿಯ ರೂಪ ಬದಲಿಸಿ ಮಾರುವವರಿಗೆ

ತೋಟದ ಶೆಡ್ಡುಗಳಲ್ಲಿ ಮೂಲೆ ಹಿಡಿದಿರುವ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಹುಡುಕಿಕೊಂಡು ಪೇಟೆಯ ಗಿರಾಕಿಗಳು ಬರುತ್ತಿರುವುದು ಸದಸ್ಯ ಬಂಧುಗಳಿಗೆ ತಿಳಿದೇ ಇದೆ. ಅವನ್ನು 'ಕೆಫೆ ರೇಸರ್' ಮಾಡಿಸಿ ಮಾರಿದರೆ ಬೆಲೆ ಹೆಚ್ಚೆಂದು ನಮ್ಮ ಹುಡುಗರು ಲೆಕ್ಕ ಹಾಕುತ್ತಿದ್ದಾರೆ. ಆದ್ದರಿಂದ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ಇದು 1950-60ರ ದಶಕಗಳಲ್ಲಿ ಲಂಡನ್ನಿನ ಏಸ್ ಕೆಫೆಯಂತಹ ಕಡೆ ಸೇರುತ್ತಿದ್ದ ತರುಣರ ಷೋಕಿ. ಹ್ಯಾಂಡಲ್ ತಗ್ಗಿಸುವುದು, ಒಬ್ಬರೇ ಕೂರುವ ಸೀಟು, ಫುಟ್‌ರೆಸ್ಟ್ ಹಿಂದಕ್ಕೆ, ಮಡ್‌ಗಾರ್ಡಿಗೆ ಕತ್ತರಿ. ಗೊಬ್ಬರದ ಚೀಲ ಇಡಲೂ ಜಾಗವಿಲ್ಲದ ಗಾಡಿಯಲ್ಲಿ ಬೆನ್ನು ಬಗ್ಗಿಸಿ ಘಟ್ಟ ಹತ್ತುವುದರಲ್ಲಿ ಏನು ಸುಖವೋ ನಾವರಿಯೆವು!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಿಕ್ಕರ್ ಮಡಚಿದರೆ ಅದೇ ಗೇರ್ ಲಿವರ್ ಆಗುವ ಆ ಗಾಡಿಗಳಿಗೆ ಇಂದು ಬೆಲೆ ಬಂದಿರುವುದು ಮೂಲರೂಪದಲ್ಲಿ ಉಳಿದವು ಕಡಿಮೆ ಎಂಬುದರಿಂದ. 2021ರ ಕೇಂದ್ರ ನಿಯಮದಂತೆ, 'ವಿಂಟೇಜ್' ನೋಂದಣಿ ಸಿಗಬೇಕಾದರೆ ಗಾಡಿಗೆ 50 ವರ್ಷ ತುಂಬಿರಬೇಕು. ಚಾಸಿಸ್, ಬಾಡಿ, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದು. ಯೆಜ್ಡಿ ಹೆಸರು ಬಂದದ್ದೇ 1973ರಲ್ಲಿ. ಮೊದಮೊದಲ ಗಾಡಿಗಳು ಈ ವಯಸ್ಸಿಗೆ ಬಂದಿವೆ. ಇಂಥ ಹೊತ್ತಿನಲ್ಲಿ ಚಾಸಿಸ್ಸಿಗೆ ಗರಗಸ ಇಡುವುದು ರಾಶಿ ಅಡಿಕೆಗೆ ಗೊರಬಲು ಬೆರೆಸಿ ಮಂಡಿಗೆ ಒಯ್ದಂತೆ.

ಆಗಲೇ ಮಾಡಿಸಿಯಾಗಿದ್ದರೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿದೆ. ಏನೇನು ಬದಲಾಗಿದೆಯೆಂದು ಕೊಳ್ಳುವವರಿಗೆ ಬಿಚ್ಚಿ ಹೇಳುವುದೇ ಲೇಸು. ಮುಚ್ಚಿಟ್ಟರೆ ಜಗಳ ಮನೆ ಬಾಗಿಲಿಗೆ ಬರುತ್ತದೆ.

ಹಣ ಎಣಿಸಿಕೊಂಡು ಆರ್.ಸಿ. ಪುಸ್ತಕ ಕೈಗಿತ್ತು ಕಳಿಸುವ ನಮ್ಮ ಕಡೆಯ ಪದ್ಧತಿ ಮಾತ್ರ ನಿಲ್ಲಲೇಬೇಕು. ಹೆಸರು ವರ್ಗಾವಣೆಯಾಗುವ ತನಕ ಕಾನೂನಿನ ಕಣ್ಣಿಗೆ ಮಾಲೀಕರು ತಾವೇ. ಆ ಗಾಡಿ ಎಲ್ಲಿಯಾದರೂ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ತಮ್ಮದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಒಂದು ಅಪಘಾತಕ್ಕೆ ಎರಡು ವರ್ಷದ ಕಾಫಿ ಹಣ ಹೋದೀತು. ನಮೂನೆ 29, 30ಕ್ಕೆ ಇಬ್ಬರೂ ಸಹಿ ಹಾಕಿ, ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಹಿಂದೆ ಸಾಲದ ಮೇಲೆ ಕೊಂಡ ಗಾಡಿಯಾದರೆ, ಸಾಲ ತೀರಿ ಎಷ್ಟು ಕಾಲವಾಗಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರಬಹುದು. ನಮೂನೆ 35ರ ಮೂಲಕ ಮೊದಲು ಅದನ್ನು ತೆಗೆಸಿಕೊಳ್ಳಿ.

ಬಿಚ್ಚಿದ ಟ್ಯಾಂಕು, ಸೀಟು, ಜೋಡಿ ಸೈಲೆನ್ಸರುಗಳನ್ನು ಗುಜರಿಗೆ ಹಾಕದೆ ಗೋಣಿಯಲ್ಲಿ ಕಟ್ಟಿಡಿ. ತಿಳಿದ ಗಿರಾಕಿ ಗಾಡಿಗಿಂತ ಮೊದಲು ಕೇಳುವುದು ಆ ಗೋಣಿಯನ್ನು.